ಮಾವನ ಪಂಚೆಯಲ್ಲೊಂದು ರೆಕಾರ್ಡರ್

ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಕಿರುಚಿತ್ರ ಮಾಡುವವರು ಮೈಕ್ ಕೊಳ್ಳುವುದಾದರೆ ನನ್ನ ಓಟು ಜೇಬಿನಲ್ಲಿ ಹಿಡಿಸುವ ರೆಕಾರ್ಡರ್‌ಗೆ. ಜೊತೆಗೆ ಅದಕ್ಕೆ ಸಿಕ್ಕಿಸಲು ಒಂದು ಅಗ್ಗದ ಕಾಲರ್ ಮೈಕ್, ಅಂದರೆ ಅಂಗಿಗೆ ಕ್ಲಿಪ್ ಮಾಡುವ ಪುಟ್ಟ ಮೈಕ್. ಇಷ್ಟು ಗೊತ್ತಾಗಲು ನನಗೆ ಹತ್ತು ತಿಂಗಳು, ಎರಡು ತಪ್ಪು ಖರೀದಿ ಮತ್ತು ಒಂದು ಇಡೀ ಭಾನುವಾರ ಹಿಡಿಯಿತು. ಆ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ, ಬರಹದಲ್ಲಿ ಅದು ಕಂಡರೆ ಕಾಣಲಿ.

ನಾನು ಇರುವುದು ಮುಂಬಯಿ ಪಕ್ಕದ ಡೊಂಬಿವಿಲಿಯಲ್ಲಿ, ಕೆಲಸ ಮುಂಬಯಿಯ ಅಂಧೇರಿಯಲ್ಲಿ. ಸಿನಿಮಾ ಹುಚ್ಚಿಗೆ ಸಿಗುವುದು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ. ಈಗ ಮಾಡುತ್ತಿರುವುದು ಸೋದರಮಾವನ ಮೇಲೆ 12 ನಿಮಿಷದ ಚಿತ್ರ. ಹದಿನಾರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು, ಮಾಟುಂಗಾದ ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ಹಿಡಿದು ಗಲ್ಲಾದಲ್ಲಿ ಕೂರುವವರೆಗೆ ಎಲ್ಲ ಕೆಲಸ ಮಾಡಿದವರು. ಈಗ ಘಾಟ್ಕೋಪರ್ ಪಶ್ಚಿಮದ ಚಾಳಿನಲ್ಲಿ, ಅಂದರೆ ಸಾಲುಮನೆಗಳಲ್ಲಿ, ಒಂದು ಖೋಲಿ, ಒಂದೇ ಕೋಣೆಯ ಮನೆ. ಕ್ಯಾಮೆರಾ ನನ್ನ ಫೋನೇ, ಚಿತ್ರ ಚೆನ್ನಾಗಿಯೇ ಬರುತ್ತದೆ. ಮೊದಲ ದೃಶ್ಯವನ್ನು ಅಮ್ಮನಿಗೆ ತೋರಿಸಿದೆ. “ಅಣ್ಣ ಏನಂದ?” ಅಂತ ನಾಲ್ಕು ಸಲ ಕೇಳಿದರು. ಅರವತ್ತು ವರ್ಷ ಕೇಳಿದ ಅಣ್ಣನ ದನಿಯೇ ತಂಗಿಗೆ ತಿಳಿಯದಿದ್ದರೆ ಬೇರೆಯವರಿಗೆ ಏನು ತಿಳಿಯುತ್ತದೆ?

ಘಾಟ್ಕೋಪರ್ ಗೊತ್ತಿರುವವರಿಗೆ ಇದು ಹೊಸದಲ್ಲ. ವಿಮಾನಗಳು ಇಳಿಯುವ ದಾರಿ ಅದು. ಗಾಳಿ ಅನುಕೂಲವಾಗಿರುವ ದಿನ ಎರಡು-ಮೂರು ನಿಮಿಷಕ್ಕೊಂದು ವಿಮಾನ ತಲೆ ಮೇಲೆ ಹಾದುಹೋಗುತ್ತದೆ. ಅದು ಹೋದ ಮೇಲೆ ಪಕ್ಕದ ಖೋಲಿಯ ಕುಕ್ಕರ್. ಕುಕ್ಕರ್ ಆದ ಮೇಲೆ ಕಾಗೆ. ಒಳಗೆ ಮಾವನ ಫ್ಯಾನು, ಅದನ್ನು ನಿಲ್ಲಿಸಿದರೆ ಮಾವ ಬೆವೆತು ಸಿನಿಮಾವೇ ಬೇಡ ಅನ್ನುತ್ತಾರೆ.

ಮೊದಲು ಕೊಂಡಿದ್ದು ಗನ್ ಮೈಕ್, ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವಂಥದ್ದು. ಬೆರಳುದ್ದದ ಕಪ್ಪು ಕೊಳವೆ, ಮೇಲೆ ಬೆಕ್ಕಿನ ಮರಿಯಂಥ ತುಪ್ಪಳದ ಟೋಪಿ. ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಬೋರಾ ಬಜಾರ್ ಬೀದಿಯಲ್ಲಿ ಕ್ಯಾಮೆರಾ ಅಂಗಡಿಗಳ ಸಾಲಿದೆಯಲ್ಲ, ಅಲ್ಲಿ 3,800 ರೂಪಾಯಿ ಕೊಟ್ಟೆ. “ಮೊಬೈಲ್ ಮೇ ಭೀ ಚಲೇಗಾ”, ಮೊಬೈಲಿಗೂ ನಡೆಯುತ್ತದೆ ಅಂದ ಅಂಗಡಿಯ ಹುಡುಗ. ಪಿನ್ ಫೋನಿನ ತೂತಿಗೆ ಸರಿಯಾಗಿ ಕೂತಿತು. ಕೂತ ಮೇಲೆ ಇನ್ನೇನು ನೋಡುವುದು ಅಂದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಮಾಟುಂಗಾ. ಹೂವಿನವರು ಮಲ್ಲಿಗೆ ದಂಡೆ ಬಿಚ್ಚುತ್ತಿದ್ದರು, ಬಾಳೆಲೆ ಕಟ್ಟುಗಳು ಬಂದಿದ್ದವು. ಮಾವ ಬಿಳಿ ಪಂಚೆ ಉಟ್ಟು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಬೆಂಚುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದ ಕತೆಯನ್ನು ನಡೆಯುತ್ತ ಹೇಳಿದರು. ಏಳು ಟೇಕ್. ಐದನೆಯದರಲ್ಲಿ ಅವರ ಕಣ್ಣು ತುಂಬಿತ್ತು. ಅದು ಮತ್ತೆ ಹೇಳಿ ಮಾಡಿಸುವಂಥದ್ದಲ್ಲ.

ವಾಪಸು ಬರುವಾಗ ಲೋಕಲ್ಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಖುಷಿಯಿಂದ ಕಿವಿಗೆ ಹೆಡ್‌ಫೋನ್ ಹಾಕಿದೆ. ಮಾವನ ದನಿ ಬಾವಿಯೊಳಗಿಂದ ಬಂದ ಹಾಗಿದೆ. ಮುಂಬಯಿಯ ಸಿಟಿ ಬಸ್ಸು ‘ಬೆಸ್ಟ್’ನ ಹಾರ್ನ್ ಮಾತ್ರ ಕಿವಿಗೇ ಬಾಯಿಟ್ಟು ಊದಿದಂತೆ. ಇನ್ನೊಂದು ಸದ್ದು ಇತ್ತು, ಯಾವುದು ಅಂತ ಕುರ್ಲಾ ಬರುವವರೆಗೂ ಗೊತ್ತಾಗಲಿಲ್ಲ. ಅದು ನನ್ನದೇ ಉಸಿರು! ಫೋನ್ ಹಿಡಿದ ಬೆರಳು ಕದಲಿದ್ದೂ ಕೇಳುತ್ತಿತ್ತು. ಅಂದರೆ 3,800 ರೂಪಾಯಿಯ ಮೈಕ್ ಫೋನಿನ ಮೇಲೆ ಸುಮ್ನೆ ಅಲಂಕಾರಕ್ಕೆ ಕೂತಿತ್ತು. ಏಳೂ ಟೇಕ್ ರೆಕಾರ್ಡ್ ಮಾಡಿದ್ದು ಫೋನಿನ ಸ್ವಂತ ಮೈಕ್.

ಕಾರಣ ಪಿನ್ನಿನಲ್ಲಿದೆ. ನಿಮ್ಮ ಮೈಕಿನ ಪಿನ್ ಹಿಡಿದು ಕಪ್ಪು ಉಂಗುರ ಎಷ್ಟಿವೆ ಎಣಿಸಿ. ಎರಡಿದ್ದರೆ ಅದು ಸಾಮಾನ್ಯವಾಗಿ ಕ್ಯಾಮೆರಾಗೆ ಮಾಡಿದ್ದು. ಮೂರಿದ್ದರೆ ಫೋನಿನದು. ಎರಡೂ 3.5 ಮಿಲಿಮೀಟರೇ, ಹಾಗಾಗಿ ಎರಡೂ ಒಂದೇ ತೂತಿಗೆ ಹೋಗುತ್ತವೆ. ಫೋನಿನ ತೂತಿನೊಳಗೆ ನಾಲ್ಕು ತಾಗುವ ಜಾಗಗಳಿವೆ: ಎಡ ಕಿವಿ, ಬಲ ಕಿವಿ, ಅರ್ತ್, ಮೈಕ್. ಎರಡು ಉಂಗುರದ ಪಿನ್ನಿನಲ್ಲಿ ಇರುವುದೇ ಮೂರು ತುಂಡು ಲೋಹ. ಕೊನೆಯ ಉದ್ದ ತುಂಡು ಅರ್ತಿಗೂ ಮೈಕಿಗೂ ಒಟ್ಟಿಗೇ ತಾಗಿಬಿಡುತ್ತದೆ. ಆಗ ಫೋನು ‘ಓ, ಇದು ಬರೀ ಹೆಡ್‌ಫೋನ್’ ಅಂದುಕೊಂಡು ತನ್ನ ಮೈಕನ್ನೇ ಚಾಲೂ ಇಟ್ಟುಕೊಳ್ಳುತ್ತದೆ. ನನ್ನ ಫೋನಿನ ಪರದೆ ಮೇಲೆ ಒಂದಕ್ಷರ ಎಚ್ಚರಿಕೆ ಬರಲಿಲ್ಲ. ದನಿಯ ಗೆರೆ ಮಾತ್ರ ಚೆನ್ನಾಗಿ ಕುಣಿಯುತ್ತಿತ್ತು.

ಇದಕ್ಕೆ ಮದ್ದು ಒಂದು ಸಣ್ಣ ಕೇಬಲ್. ಒಂದು ತುದಿಯಲ್ಲಿ ಎರಡು ಉಂಗುರ, ಇನ್ನೊಂದರಲ್ಲಿ ಮೂರು. ಲ್ಯಾಮಿಂಗ್ಟನ್ ರಸ್ತೆಯಲ್ಲಿ 350 ರೂಪಾಯಿಗೆ ಸಿಕ್ಕಿತು. ರೋಡ್ (Rode) ಅನ್ನುವ ಕಂಪನಿಯ ವಿಡಿಯೋಮೈಕ್ರೋ ಮೈಕ್ ಇಟ್ಟುಕೊಂಡವರು ಫೋನಿಗೆ ಹಾಕಲು ಅದೇ ಕಂಪನಿಯ ಎಸ್‌ಸಿ7 ಕೇಬಲ್ ಕೇಳುತ್ತಾರೆ, ಅದೂ ಇದೇ ಕೆಲಸದ್ದು. ತೂತೇ ಇಲ್ಲದ ಹೊಸ ಫೋನುಗಳ ಕತೆ ಇನ್ನೂ ಒಂದು ಸುತ್ತು ಜಾಸ್ತಿ. ಟೈಪ್-ಸಿ ಅಡಾಪ್ಟರುಗಳಲ್ಲಿ ಕೆಲವು ಬರೀ ತಂತಿ, ಕೆಲವುಗಳ ಒಳಗೆ ಶಬ್ದವನ್ನು ಡಿಜಿಟಲ್ ಮಾಡುವ ಚಿಪ್ ಇರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ನೋಡದೆ ದುಡ್ಡು ಕೊಡಬೇಡಿ.

ಈಗ ಯಾವ ಮೈಕ್ ಸಿಕ್ಕಿಸಿದರೂ ಮೊದಲು ರೆಕಾರ್ಡ್ ಒತ್ತಿ, ಮೈಕಿನ ತಲೆಯನ್ನು ಉಗುರಿನಿಂದ ಕೆರೆಯುತ್ತೇನೆ. ಆಮೇಲೆ ಫೋನಿನ ತಳವನ್ನು ಕೆರೆಯುತ್ತೇನೆ. ಕೇಳಿ ನೋಡಿದರೆ ಯಾವುದು ಗರಗರ ಅಂತ ಜೋರಾಗಿ ಬಂತೋ ಅದೇ ರೆಕಾರ್ಡ್ ಆಗುತ್ತಿರುವುದು. ಹತ್ತು ಸೆಕೆಂಡಿನ ಕೆಲಸ. ಐದನೇ ಟೇಕ್ ಮಾತ್ರ ವಾಪಸು ಬರಲಿಲ್ಲ.

ಕೇಬಲ್ ಬಂದ ಮೇಲೂ ಗನ್ ಮೈಕ್ ನನಗೆ ಒಗ್ಗಲಿಲ್ಲ. ಫೋನಿನ ಮೇಲೆ ಕೂತ ಮೈಕಿಗೂ ಮಾವನ ಬಾಯಿಗೂ ಒಂದು ಮಾರು ದೂರ. ಕಾಲರ್ ಮೈಕಿಗೆ ಒಂದು ಗೇಣು. ಒಂದು ಮಾರು ಅಂದರೆ ಎಂಟು ಗೇಣು. ದೂರ ಇಮ್ಮಡಿಯಾದಾಗಲೆಲ್ಲ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ, ಮೂರು ಸಲ ಇಮ್ಮಡಿಯಾದರೆ 18. ಆದರೆ ಫ್ಯಾನು, ವಿಮಾನ, ಟೈಲ್ಸ್ ನೆಲದಿಂದ ಪುಟಿದ ಸದ್ದು ಇವೆಲ್ಲ ಇದ್ದಷ್ಟೇ ಇರುತ್ತವೆ. ಖೋಲಿಯ ಗೋಡೆಗೆ ಎರಡು ಗೋದಡಿ ನೇತುಹಾಕಿದ್ದರಿಂದ ಸ್ವಲ್ಪ ಉಪಯೋಗವಾಯಿತು. ಬಯಲಿನಲ್ಲಿ, ಮಾತಾಡುವವರು ಕೈಯಳತೆಯಲ್ಲಿದ್ದರೆ ಗನ್ ಮೈಕ್ ಒಳ್ಳೆಯದೇ. ಮುಂಬಯಿಯಲ್ಲಿ ಬಯಲು ಎಲ್ಲಿ ಅಂತ ಕೇಳಬೇಡಿ.

ಎರಡನೇ ತಪ್ಪು ವೈರ್‌ಲೆಸ್. ದೀಪಾವಳಿ ಸೇಲಿನಲ್ಲಿ 4,200 ರೂಪಾಯಿ, ಎರಡು ಮೈಕ್, ಅವುಗಳ ದನಿಯನ್ನು ಹಿಡಿದು ಫೋನಿಗೆ ಕೊಡುವ ಒಂದು ರಿಸೀವರ್. ಮೊದಲ ವಾರ ಮುದ್ದು ಮಾಡಿದೆ. ಅಂಗಿಗೆ ಕ್ಲಿಪ್ ಮಾಡು, ಒತ್ತು, ಮುಗಿಯಿತು. ಆದರೆ ಇವು ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ, ಮನೆಯ ವೈಫೈ, ಬ್ಲೂಟೂತ್ ಎಲ್ಲ ಅಲ್ಲೇ. ಚಾಳಿನಲ್ಲಿ ಫೋನ್ ತೆಗೆದು ನೋಡಿದರೆ ಹತ್ತೊಂಬತ್ತು ವೈಫೈ ಹೆಸರು ಬಂದವು. ಜೊತೆಗೆ ನೀರು ಈ ಅಲೆಯನ್ನು ಹೀರಿಕೊಳ್ಳುತ್ತದೆ, ಮನುಷ್ಯನ ಮೈಯಲ್ಲಿ ಇರುವುದು ಹೆಚ್ಚಾಗಿ ನೀರೇ ಅಲ್ವಾ? ಮಾವ ಸ್ಟವ್ ಕಡೆ ತಿರುಗಿ ಬೆನ್ನು ಕೊಟ್ಟ ಕೂಡಲೇ ಕಟ್ ಕಟ್ ಅಂತ ಮಾತು ತುಂಡಾಗುತ್ತಿತ್ತು. ನನ್ನ ಚಿತ್ರದಲ್ಲಿ ಮಾವ ಅರ್ಧ ಹೊತ್ತು ದೋಸೆ ಹುಯ್ಯುತ್ತಾರೆ, ಬೆನ್ನು ಕೊಡದೆ ಆಗುವುದಿಲ್ಲ. ಗದ್ದಲ ಕಡಿಮೆ ಮಾಡುವ ಒಂದು ಬಟನ್ನೂ ಇತ್ತು. ಒತ್ತಿದರೆ ಫ್ಯಾನಿನ ಜೊತೆ ಮಾವನ ದನಿಯ ಅರ್ಧವೂ ಹೋಗಿ, ಡಬ್ಬಿಯೊಳಗೆ ಮಾತಾಡಿದ ಹಾಗೆ ಬರುತ್ತದೆ. ಹಾಗೆ ರೆಕಾರ್ಡ್ ಆದದ್ದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಮೂರು ಸಾಮಾನು ಚಾರ್ಜ್ ಮಾಡಬೇಕಾದ ಗೋಳು ಬೇರೆ. ದುಬಾರಿ ಸೆಟ್ಟುಗಳು ಇದಕ್ಕಿಂತ ಚೆನ್ನಾಗಿ ನಡೆಯಬಹುದು, ನನ್ನ ಜೇಬು ಅಲ್ಲಿಗೆ ಎಟಕುವುದಿಲ್ಲ.

ತಂತಿಯ ಕಾಲರ್ ಮೈಕ್ 850 ರೂಪಾಯಿ. ದನಿಯ ವಿಷಯದಲ್ಲಿ ಇದು ಮೇಲಿನ ಎರಡನ್ನೂ ಸೋಲಿಸಿತು, ತಮಾಷೆ ಅಲ್ಲ. ತಂತಿ ಆರು ಮೀಟರ್. “ಎಂತ ಮಾರಾಯ, ಹಾರ್ಟಿನ ಟೆಸ್ಟ್ ಉಂಟಾ ನನಗೆ?” ಅಂದರು ಮಾವ. ಎರಡನೇ ದಿನ ಯಾರೋ ಬಾಗಿಲು ಬಡಿದರು, ಮಾವ ಎದ್ದು ಹೋದರು, ಅವರ ಹಿಂದೆ ಟ್ರೈಪಾಡ್ ಸಮೇತ ನನ್ನ ಫೋನೂ ಹೋಯಿತು. ಪರದೆಗೆ ಒಂದು ಗೀರು. ಇನ್ನು, ಮೈಕಿಗೆ ಹಾಕುವ ಬಟನ್ ಸೆಲ್ ಖಾಲಿಯಾಗದ ಹಾಗೆ ಸ್ವಿಚ್ ಆಫ್ ಮಾಡಲು ಮರೆಯಬಾರದು, ಅಷ್ಟೇ.

ಆಗ ಹೊಳೆದದ್ದು, ತಂತಿ ಫೋನಿನವರೆಗೆ ಯಾಕೆ ಬರಬೇಕು? ಬೋರಾ ಬಜಾರಿಗೇ ಮತ್ತೆ ಹೋದೆ. ಜೂಮ್ ಎಚ್1ಎನ್ ಅನ್ನುವ ರೆಕಾರ್ಡರ್, ಸೆಕೆಂಡ್ ಹ್ಯಾಂಡ್, 5,500 ರೂಪಾಯಿ. 2018ರಲ್ಲಿ ಬಂದ ಮಾಡೆಲ್, ಹಳೆಯದು ಅಂತ ಅಂಗಡಿಯವನೇ ಮೂಗು ಮುರಿದ. ನನಗೆ ಅದೇ ಬೇಕಿತ್ತು. ಟಾರ್ಚಿಗೆ ಹಾಕುವ ಎರಡು ಸಣ್ಣ ಎಎಎ ಸೆಲ್, ಒಂದು ಮೈಕ್ರೋ ಎಸ್‌ಡಿ ಕಾರ್ಡ್. ಕಾಲರ್ ಮೈಕಿನ ಸ್ವಿಚ್ಚನ್ನು ‘ಕ್ಯಾಮೆರಾ’ ಅಂತ ಬರೆದ ಕಡೆಗೆ ತಳ್ಳಿ ಇದಕ್ಕೆ ಸಿಕ್ಕಿಸಿದೆ. ತಂತಿಯನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ರೆಕಾರ್ಡರ್ ಸಮೇತ ಮಾವನ ಸೊಂಟದ ಮಡಿಕೆಗೆ ಸಿಕ್ಕಿಸಿದೆ. ಬೀಡಿ ಕಟ್ಟು ಇಡುತ್ತಿದ್ದ ಜಾಗವಂತೆ ಅದು. ಮೈಕ್ ಬನಿಯನ್ನಿನ ಒಳಗೆ, ಮೆಡಿಕಲ್ಲಿನಲ್ಲಿ ಸಿಗುವ ಕಾಗದದ ಟೇಪಿನಿಂದ ಎದೆಗೆ ಅಂಟಿಸಿದ್ದು. ಟೇಪ್ ಹಾಕದಿದ್ದರೆ ಬಟ್ಟೆ ಉಜ್ಜಿದ ಸದ್ದು ಹಪ್ಪಳ ಮುರಿದ ಹಾಗೆ ಬರುತ್ತದೆ. ರೆಕಾರ್ಡರ್‌ನ ಪವರ್ ಸ್ವಿಚ್ಚನ್ನು ‘ಹೋಲ್ಡ್’ ಕಡೆಗೆ ತಳ್ಳಿದರೆ ಪಂಚೆ ಒತ್ತಿಕೊಂಡರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ.

ಈಗ ಮಾವ ಸ್ಟವ್ ಕಡೆ ತಿರುಗಲಿ, ಬಚ್ಚಲಿಗೆ ಹೋಗಲಿ, ಕೆಳಗಿಳಿದು ಹಾಲು ತರಲಿ. ದನಿ ಅವರ ಜೊತೆಗೇ ಹೋಗುತ್ತದೆ. ಒಮ್ಮೆ ನಿಜವಾಗಿಯೂ ಹಾಲು ತರಲು ಹೋಗಿದ್ದರು, ಅಂಗಡಿಯವನ ಜೊತೆ ನನ್ನ ಸಿನಿಮಾದ ಬಗ್ಗೆ ಏನೇನು ಹೇಳಿದರು ಅಂತ ಪೂರ್ತಿ ಕೇಳಿದೆ. ಅದನ್ನು ಅವರಿಗೆ ಹೇಳಿಲ್ಲ.

ಇದರಲ್ಲಿ ತಾಪತ್ರಯ ಇಲ್ಲ ಅಂತಲ್ಲ. ದನಿ ಬೇರೆ, ಚಿತ್ರ ಬೇರೆ, ಮನೆಗೆ ಬಂದು ಜೋಡಿಸಬೇಕು. ಶಾಟ್ ಶುರುವಾಗುವಾಗ ಫೋನಿನ ಮುಂದೆ ಒಂದು ಚಪ್ಪಾಳೆ ಹೊಡೆದರೆ ಎರಡರ ದನಿಯ ಗೆರೆಯಲ್ಲೂ ಅದು ಮುಳ್ಳಿನಂತೆ ಎದ್ದು ಕಾಣುತ್ತದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಗೆರೆ ನೋಡಿ ತಾನೇ ಜೋಡಿಸಿಕೊಡುತ್ತದೆ. ಫೋನುಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಕಟ್ಟುನಿಟ್ಟಾಗಿ ಹಿಡಿಯುವುದಿಲ್ಲವಾದ್ದರಿಂದ ಉದ್ದ ಶಾಟಿನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ನನ್ನ ಶಾಟುಗಳು ಎರಡು ನಿಮಿಷ ದಾಟುವುದಿಲ್ಲ, ತೊಂದರೆ ಆಗಿಲ್ಲ. ರೆಕಾರ್ಡರ್‌ನಲ್ಲಿ ದನಿಯ ಮಟ್ಟವನ್ನು ಮೊದಲೇ ಹೊಂದಿಸಿಡಬೇಕು, ಮಾತು -12 ಡೆಸಿಬೆಲ್ ಸುತ್ತ ಬರುವ ಹಾಗೆ. ಮೆಲ್ಲಗೆ ಮಾತಾಡುತ್ತಿದ್ದ ಮಾವ ಹಳೆಯ ನೆನಪು ಬಂದು ಒಮ್ಮೆಲೇ “ಎರಡು ಇಡ್ಲಿ, ಒಂದು ಸಿಂಗಲ್ ವಡೆ, ಸಾಂಬಾರ್ ಬೇರೆ!” ಅಂತ ಅಡುಗೆಮನೆಗೆ ಕೇಳುವ ಹಾಗೆ ಕೂಗಿದರು. ಮಟ್ಟ ಜಾಸ್ತಿ ಇಟ್ಟಿದ್ದೆ, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕುವುದನ್ನೂ ಮರೆತಿದ್ದೆ, ಸದ್ದು ಒಡೆದುಹೋಯಿತು. ಆ ಟೇಕ್ ಹಾಳಾದದ್ದು ನನ್ನಿಂದಲೇ. ಒಡೆದ ಸದ್ದನ್ನೇ ಚಿತ್ರದಲ್ಲಿ ಇಟ್ಟುಕೊಂಡಿದ್ದೇನೆ, ನನಗೆ ಇಷ್ಟವಾಯಿತು.

ದುಡ್ಡಿನ ಲೆಕ್ಕ ಹೀಗೆ. ಗನ್ ಮೈಕ್, ಕೇಬಲ್, ವೈರ್‌ಲೆಸ್ ಸೇರಿ 8,350. ರೆಕಾರ್ಡರ್, ಕಾಲರ್ ಮೈಕ್ ಸೇರಿ 6,350. ಮೊದಲೇ ಗೊತ್ತಿದ್ದರೆ ಎರಡನೆಯದನ್ನಷ್ಟೇ ಕೊಳ್ಳುತ್ತಿದ್ದೆ. ರಾತ್ರಿ ಎಡಿಟಿಂಗಿಗೆ ಕೂರುವ ತಾಳ್ಮೆ ನನಗಿದೆ, ಸ್ಥಳದಲ್ಲಿ ಬೆವರು ಸುರಿಸಿಕೊಂಡು ಸಿಗ್ನಲ್ ಹುಡುಕುವ ತಾಳ್ಮೆ ಇಲ್ಲ. ನೀವು ಅದೇ ದಿನ ವಿಡಿಯೋ ಹಾಕುವವರಾದರೆ, ಕ್ಯಾಮೆರಾಗೆ ಮುಖ ಕೊಟ್ಟೇ ಮಾತಾಡುವವರಾದರೆ ವೈರ್‌ಲೆಸ್ಸೇ ಕೊಳ್ಳಿ. ಪಕ್ಕದ ಫ್ಲಾಟಿನ ಹುಡುಗಿ ಅಡುಗೆ ವಿಡಿಯೋ ಮಾಡುತ್ತಾಳೆ, ನನ್ನ ಸೆಟ್ ಈಗ ಅವಳ ಹತ್ತಿರ ಇದೆ. ವಾಪಸು ಕೇಳುವುದಿಲ್ಲ.

ಎರಡು ದೃಶ್ಯ ಬಾಕಿ ಇವೆ. ಮೊನ್ನೆ ಮಳೆ ಶುರುವಾಯಿತು. ಮಾವನ ಖೋಲಿಯ ಮೇಲೆ ತಗಡಿನ ಪತ್ರಾ, ಅದರ ಮೇಲೆ ಮಳೆ ಬಿದ್ದರೆ ಎದೆಗೆ ಅಂಟಿಸಿದ ಮೈಕಿಗೂ ಬರೀ ಮಳೆಯೇ ಕೇಳುತ್ತದೆ. “ಗಣಪತಿ ಕಳೆಯಲಿ, ಢೋಲು ನಿಂತ ಮೇಲೆ ಬಾ” ಅಂದಿದ್ದಾರೆ ಮಾವ. ಟೇಪ್ ಕೀಳುವಾಗ ಎದೆಯ ಕೂದಲು ಬರುತ್ತದೆ, ಅದಕ್ಕೇನಾದರೂ ಮಾಡಿಕೊಂಡು ಬಾ ಅಂತಲೂ ಅಂದಿದ್ದಾರೆ.