ಈಮ್ಯಾಕ್ಸ್ ಕ್ಯಾಪ್ಚರ್‌ನಲ್ಲಿ ರೇಷ್ಮೆ ಬೆಳೆಯ ಟಿಪ್ಪಣಿ: ದೀರ್ಘ ಬಳಕೆಯ ವಿಮರ್ಶೆ

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಜೊತೆಗೇ ಬರುವ, ಟಿಪ್ಪಣಿ ಬರೆಯಲು ಬಳಸುವ ಆರ್ಗ್ ಮೋಡ್‌ನಲ್ಲಿ ಕ್ಯಾಪ್ಚರ್ ಅಂತ ಒಂದು ಕಮಾಂಡ್ ಇದೆ. ಯಾವ ಫೈಲ್‌ನಲ್ಲಿ ಕೆಲಸ ಮಾಡುತ್ತಿದ್ದರೂ ಅಲ್ಲಿಂದಲೇ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಬರೆದು ಮುಗಿಸಿದರೆ ಟಿಪ್ಪಣಿ ತನ್ನ ಜಾಗಕ್ಕೆ ಹೋಗಿ ಸೇರುತ್ತದೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗೆ ಬೇಕಾದ್ದೆಲ್ಲ, ಅಂದರೆ ಹುಳು ಮನೆಯ ಉಷ್ಣಾಂಶ, ತೇವಾಂಶ, ಸೊಪ್ಪಿನ ಲೆಕ್ಕ, ಜ್ವರಕ್ಕೆ (ಹುಳು ಪೊರೆ ಬಿಡುವ ಹಂತಕ್ಕೆ) ಕೂತ ದಿನ, ಮಾರುಕಟ್ಟೆಯಲ್ಲಿ ಗೂಡಿಗೆ ಸಿಕ್ಕ ದರ, ಎಲ್ಲವನ್ನೂ ಇದರಲ್ಲಿ ಬರೆದಿಟ್ಟ ಮೇಲಿನ ಅಭಿಪ್ರಾಯ ಇದು. ಕ್ಯಾಪ್ಚರನ್ನು ಇದ್ದ ಹಾಗೇ ಬಳಸಿದರೆ ಅರ್ಧ ಪ್ರಯೋಜನ ಮಾತ್ರ. ಐದಾರು ಸಾಲಿನ ಸ್ಕ್ರಿಪ್ಟ್‌ಗಳನ್ನು ಸೇರಿಸಿದ ಮೇಲೆಯೇ ಕನ್ನಡದಲ್ಲಿ ಬರೆಯುವವರ ಕೈಗೆ ಇದು ಒಗ್ಗುವುದು. ಹತ್ತು ಸಾಲು ದಾಟಿದ ಸ್ಕ್ರಿಪ್ಟ್ ಬೇಡ. ಆರ್ಗ್ ಹೊಸ ಆವೃತ್ತಿ ಬಂದಾಗ ಮೊದಲು ಕೆಡುವುದು ಅಂಥದ್ದೇ.

ಮೊದಲು ಆವೃತ್ತಿಯ ವಿಷಯ. ಈಮ್ಯಾಕ್ಸ್ 27ರಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಬಂದಿದೆ. ಒತ್ತಕ್ಷರಗಳು ಸರಿಯಾಗಿ ಕೂರಬೇಕಾದರೆ ಅದಕ್ಕಿಂತ ಹಳೆಯದನ್ನು ಹಾಕಬೇಡಿ. ಉಬುಂಟು 22.04ರಲ್ಲಿ 27.1, 24.04ರಲ್ಲಿ 29.3 ಸಿಗುತ್ತದೆ. 29 ಇನ್ನೂ ಮೇಲು: ಡಿಲೀಟ್ ಕೀ ಒತ್ತಿದರೆ 'ಕ್ಷ್ಮಿ'ಯಂಥ ಗುಣಿತಾಕ್ಷರ ಇಡಿಯಾಗಿ ಹೋಗುತ್ತದೆ. ಬ್ಯಾಕ್‌ಸ್ಪೇಸ್ ಮಾತ್ರ ಈಗಲೂ ಒಂದೊಂದೇ ಚಿಹ್ನೆ ಅಳಿಸುತ್ತದೆ, ಬೆರಳಚ್ಚಿನ ತಪ್ಪು ತಿದ್ದಲು ಅದೇ ಅನುಕೂಲ. ಟರ್ಮಿನಲ್ ಒಳಗೆ ಕನ್ನಡ ಅಸ್ತವ್ಯಸ್ತವಾಗುವುದೇ ಹೆಚ್ಚು, ಗ್ರಾಫಿಕಲ್ ಕಿಟಕಿಯಲ್ಲೇ ಬಳಸಿ.

ಕ್ಯಾಪ್ಚರ್‌ಗೆ ಕೀ ಮೊದಲೇ ಕೂಡಿಸಿರುವುದಿಲ್ಲ. ಸಂರಚನಾ ಫೈಲ್‌ನಲ್ಲಿ ಆರ್ಗ್-ಕ್ಯಾಪ್ಚರ್ ಕಮಾಂಡನ್ನು ಕಂಟ್ರೋಲ್-ಸಿ, ಸಿ ಎಂಬ ಜೋಡಿಗೆ ನೀವೇ ಕಟ್ಟಬೇಕು. ಆಮೇಲೆ ಟೆಂಪ್ಲೇಟ್‌ಗಳ ಪಟ್ಟಿ. ಒಂದೊಂದು ಟೆಂಪ್ಲೇಟಿಗೂ ಐದು ಭಾಗ: ಆಯ್ಕೆಯ ಅಕ್ಷರ, ಹೆಸರು, ಬಗೆ, ಸೇರಬೇಕಾದ ಜಾಗ, ಅಚ್ಚು (ಟಿಪ್ಪಣಿಯ ನಮೂನೆ). ಹುಳು ಮನೆಯ ದಿನಚರಿಗೆ ಜಾಗವಾಗಿ ಡೇಟ್‌ಟ್ರೀ ಕೊಡಿ. ವರ್ಷ, ತಿಂಗಳು, ದಿನ ಅಂತ ತಲೆಬರಹಗಳನ್ನು ಅದೇ ಮಾಡಿಕೊಳ್ಳುತ್ತದೆ. ಅಚ್ಚಿನಲ್ಲಿ %? ಇರುವಲ್ಲಿ ಕರ್ಸರ್ ನಿಲ್ಲುತ್ತದೆ.

ಹೊಸಬರು ಎಡವುವ ಜಾಗ ಒಂದಿದೆ. ಟೆಂಪ್ಲೇಟ್ ಪಟ್ಟಿಯ ಮುಂದೆ ಸಾದಾ ಕೋಟ್ ಚಿಹ್ನೆ ಹಾಕಿ, ಒಳಗಡೆ ಫೈಲ್ ದಾರಿಯನ್ನು ಜೋಡಿಸುವ ಫಂಕ್ಷನ್ ಬರೆದರೆ ಆ ಫಂಕ್ಷನ್ ಓಡುವುದೇ ಇಲ್ಲ, ಪಟ್ಟಿಯಲ್ಲಿ ಬರೀ ಅಕ್ಷರವಾಗಿ ಉಳಿಯುತ್ತದೆ. ಪಟ್ಟಿಗೆ ಬ್ಯಾಕ್‌ಕೋಟ್ (`), ಒಳಗಿನ ಫಂಕ್ಷನ್‌ಗೆ ಮುಂದೆ ಅಲ್ಪವಿರಾಮ ಇದ್ದರೆ ಸರಿಹೋಗುತ್ತದೆ.

ಈಗ ಹೆಚ್ಚು ಉಪಯೋಗಕ್ಕೆ ಬಂದ ಸ್ಕ್ರಿಪ್ಟ್: ಉಷ್ಣಾಂಶದ್ದು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27ರಿಂದ 28 ಡಿಗ್ರಿ, 85ರಿಂದ 90 ಶೇಕಡಾ ತೇವಾಂಶ ಬೇಕು. ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ, 70ರ ಆಸುಪಾಸು. ಬರೆಯುವಾಗಲೇ ಮಿತಿ ಮೀರಿದ್ದು ಗೊತ್ತಾದರೆ ಒದ್ದೆ ಗೋಣಿ ಕಟ್ಟುವುದೋ ಕಿಟಕಿ ತೆರೆಯುವುದೋ ಆಗಲೇ ಮಾಡಬಹುದು. ಅಚ್ಚಿನಲ್ಲಿ ಶೇಕಡಾ ಚಿಹ್ನೆ, ಆವರಣದೊಳಗೆ ಫಂಕ್ಷನ್ ಹೆಸರು ಬರೆದರೆ ಕ್ಯಾಪ್ಚರ್ ಅದನ್ನು ಓಡಿಸಿ ಉತ್ತರವನ್ನು ಅಲ್ಲೇ ಇಡುತ್ತದೆ. ಇಲ್ಲಿ ಎರಡು ಎಚ್ಚರ. ಅಚ್ಚಿನ ಪ್ರಶ್ನೆಗಳಿಗೆ ನೀವು ಉತ್ತರ ಕೊಡುವ ಮೊದಲೇ ಈ ಫಂಕ್ಷನ್ ಓಡಿ ಮುಗಿದಿರುತ್ತದೆ, ಹಾಗಾಗಿ ಆ ಉತ್ತರಗಳು ಇದಕ್ಕೆ ಕಾಣುವುದಿಲ್ಲ. ಉಷ್ಣಾಂಶವನ್ನು ಫಂಕ್ಷನ್ ಒಳಗೇ ರೀಡ್-ನಂಬರ್ ಮೂಲಕ ಕೇಳಿ, ಮಿತಿಯ ಜೊತೆ ಹೋಲಿಸಿ, ಮೀರಿದ್ದರೆ ಪಕ್ಕದಲ್ಲಿ 'ಗಮನ' ಎಂಬ ಪದ ಸೇರಿಸಬೇಕು. ಎರಡನೆಯದು, ಫಂಕ್ಷನ್ ಹಿಂದಿರುಗಿಸುವುದು ಪಠ್ಯವಾಗಿಯೇ ಇರಬೇಕು. ಸಂಖ್ಯೆಯನ್ನೇ ಕೊಟ್ಟರೆ ಕ್ಯಾಪ್ಚರ್ ದೋಷ ತೋರಿಸಿ ನಿಲ್ಲುತ್ತದೆ. ನಂಬರ್-ಟು-ಸ್ಟ್ರಿಂಗ್‌ನಿಂದ ಬದಲಿಸಿ ಕೊಡಿ.

ಗೂಡಿನ ದರಕ್ಕೆ ಬೇರೆ ಟೆಂಪ್ಲೇಟ್, ಬಗೆ ಟೇಬಲ್-ಲೈನ್. ದಿನಾಂಕ, ಲಾಟಿನ ಕೆಜಿ, ಕೆಜಿಗೆ ದರ, ಮೊತ್ತ, ಕೊನೆಯಲ್ಲಿ ಷರಾ. ಟೇಬಲ್ ಕೆಳಗಿನ ಸೂತ್ರ $4=$2*$3. ಷರಾ ಕಾಲಂ ಕೊನೆಗೇ ಇರಲಿ. ಕನ್ನಡ ಅಕ್ಷರದ ಅಗಲ ಲ್ಯಾಟಿನ್ ಅಕ್ಷರದ ಲೆಕ್ಕಕ್ಕೆ ಹೊಂದುವುದಿಲ್ಲ, ಮಧ್ಯದಲ್ಲಿಟ್ಟರೆ ಮುಂದಿನ ಗೆರೆಗಳೆಲ್ಲ ಸೊಟ್ಟಗಾಗುತ್ತವೆ. ಇದಕ್ಕೆ ಪೂರ್ಣ ಪರಿಹಾರ ಇಲ್ಲ. ಈಮ್ಯಾಕ್ಸ್‌ಗೆ ನಾನು ಪೂರ್ಣ ಅಂಕ ಕೊಡದಿರುವುದಕ್ಕೆ ಮುಖ್ಯ ಕಾರಣವೂ ಇದೇ.

ಟೇಬಲ್‌ನಲ್ಲಿ ಕನ್ನಡ ಅಂಕಿ ಬರೆದರೆ ಲೆಕ್ಕ ಬರುವುದಿಲ್ಲ. ಮನೆಯಲ್ಲಿ ಒಬ್ಬರು ೪೫ ಅಂತಲೂ ಇನ್ನೊಬ್ಬರು 45 ಅಂತಲೂ ಬರೆಯುವುದು ಸಹಜ, ಅದನ್ನು ತಡೆಯಲು ಹೋಗುವುದಕ್ಕಿಂತ ತಿದ್ದುವುದು ಸುಲಭ. ಯೂನಿಕೋಡ್‌ನಲ್ಲಿ ೦ ಇರುವುದು 3302ರಲ್ಲಿ, 0 ಇರುವುದು 48ರಲ್ಲಿ. ೦ಯಿಂದ ೯ರವರೆಗಿನ ಪ್ರತಿ ಅಂಕಿಯ ಸಂಕೇತದಿಂದ 3254 ಕಳೆಯುವ ಒಂದು ಸಣ್ಣ ಫಂಕ್ಷನ್ ಸಾಕು.

ಅದಕ್ಕಿಂತ ಸೂಕ್ಷ್ಮವಾದ ತೊಂದರೆ ತಲೆಬರಹದ್ದು. ಟಿಪ್ಪಣಿಯನ್ನು 'ಮೇವು' ಎಂಬ ತಲೆಬರಹದ ಕೆಳಗೆ ಸೇರಿಸು ಅಂತ ಹೇಳಿದ್ದರೂ ಫೈಲ್‌ನ ಕೊನೆಯಲ್ಲಿ ಇನ್ನೊಂದು 'ಮೇವು' ಹುಟ್ಟಿಕೊಳ್ಳಬಹುದು. ಕಣ್ಣಿಗೆ ಎರಡೂ ಒಂದೇ. ಕಾರಣ, ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಈ, ಐ, ಒ, ಓ ಸ್ವರಚಿಹ್ನೆಗಳಿಗೂ ಇದೇ ಕಥೆ. ಕ್ಯಾಪ್ಚರ್ ತಲೆಬರಹವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಸಿಗದಿದ್ದರೆ ಹೊಸದು ಮಾಡುತ್ತದೆ. ಪರಿಹಾರ ಈಮ್ಯಾಕ್ಸ್‌ನಲ್ಲೇ ಇದೆ: ಯುಸಿಎಸ್-ನಾರ್ಮಲೈಸ್ ಗ್ರಂಥಾಲಯದ ಎನ್‌ಎಫ್‌ಸಿ-ರೀಜನ್ ಫಂಕ್ಷನ್. ಎರಡು ಸಂಕೇತಗಳಾಗಿ ಬರೆದದ್ದನ್ನು ಅದು ಒಂದೇ ಸಂಕೇತವಾಗಿ ಮಾಡುತ್ತದೆ. ತಲೆಬರಹಗಳಿರುವ ಫೈಲ್ ಮೇಲೂ ಟೆಂಪ್ಲೇಟ್ ಇರುವ ಸಂರಚನಾ ಫೈಲ್ ಮೇಲೂ ಒಮ್ಮೆ ಓಡಿಸಿ. ಆಮೇಲೆ ಹೊಸ ಟಿಪ್ಪಣಿಗಳಿಗಾಗಿ, ಅಂಕಿ ತಿದ್ದುವ ಫಂಕ್ಷನ್ ಜೊತೆಗೆ ಇದನ್ನೂ ಹುಕ್‌ಗೆ, ಅಂದರೆ ಒಂದು ಹಂತದಲ್ಲಿ ತಾನಾಗಿಯೇ ಓಡುವ ಫಂಕ್ಷನ್‌ಗಳ ಪಟ್ಟಿಗೆ, ಸೇರಿಸಿ. ಯಾವ ಹುಕ್ ಎಂಬುದು ಮುಖ್ಯ. ಪ್ರಿಪೇರ್-ಫೈನಲೈಸ್ ಹುಕ್ ಓಡುವಾಗ ಕಿಟಕಿಯಲ್ಲಿ ಹೊಸ ಟಿಪ್ಪಣಿಯಷ್ಟೇ ಇರುತ್ತದೆ. ಹೆಸರಿನಲ್ಲಿ ಅದಕ್ಕೆ ಹತ್ತಿರವಾದ ಬಿಫೋರ್-ಫೈನಲೈಸ್ ಹುಕ್‌ಗೆ ಹಾಕಿದರೆ ಅಷ್ಟರಲ್ಲಿ ಇಡೀ ಫೈಲ್ ತೆರೆದುಕೊಂಡಿರುತ್ತದೆ, ಪ್ರತಿ ಸಲವೂ ಎಲ್ಲ ಹಳೆಯ ಟಿಪ್ಪಣಿಗಳಿಗೂ ಕೈ ಹಾಕುತ್ತದೆ. 'ಸಾಫ್ಟ್‌ವೇರ್'ನಂಥ ಪದಗಳೊಳಗೆ ಅಡಗಿರುವ ಕಾಣದ ಸಂಕೇತವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ತಲೆಬರಹಗಳಿಗೆ ಅಂಥ ಪದ ಇಡದಿರುವುದೇ ಕ್ಷೇಮ.

ಬೆರಳಚ್ಚಿಗೆ ಈಮ್ಯಾಕ್ಸ್‌ನದೇ ಕನ್ನಡ-ಐಟ್ರಾನ್ಸ್ ಅಥವಾ ಕನ್ನಡ-ಇನ್‌ಸ್ಕ್ರಿಪ್ಟ್ ಬಳಸಿ, ಕಂಟ್ರೋಲ್ ಜೊತೆ ಹಿಂಬದಿ ಓರೆಗೆರೆ ಒತ್ತಿದರೆ ಆನ್-ಆಫ್ ಆಗುತ್ತದೆ. ಲಿನಕ್ಸ್‌ನ ಕೀಲಿಮಣೆ ವಿನ್ಯಾಸವನ್ನೇ ಕನ್ನಡಕ್ಕೆ ತಿರುಗಿಸಿದರೆ ಕಂಟ್ರೋಲ್-ಸಿ ಒತ್ತಿದಾಗ ಈಮ್ಯಾಕ್ಸ್‌ಗೆ ಕನ್ನಡ ಅಕ್ಷರ ಹೋಗುತ್ತದೆ, ಯಾವ ಕಮಾಂಡೂ ನಡೆಯುವುದಿಲ್ಲ. ಕ್ಯಾಪ್ಚರ್-ಮೋಡ್ ಹುಕ್‌ನಲ್ಲಿ ಒಂದು ಸಾಲು ಹಾಕಿದರೆ ಕಿಟಕಿ ತೆರೆದ ಕೂಡಲೇ ಕನ್ನಡ ತಾನೇ ಬರುತ್ತದೆ. ಅಚ್ಚಿನ ಪ್ರಶ್ನೆಗಳು ಆ ಹುಕ್‌ಗಿಂತ ಮೊದಲೇ ಬರುವುದರಿಂದ ಅಲ್ಲಿ ಮಾತ್ರ ಕೈಯಾರೆ ಬದಲಿಸಿಕೊಳ್ಳಬೇಕು.

ಎರಡು ಕಂಪ್ಯೂಟರ್ ಇದ್ದು ಒಂದರ ಭಾಷೆ ಕನ್ನಡ, ಇನ್ನೊಂದರದು ಇಂಗ್ಲಿಷ್ ಆಗಿದ್ದರೆ ದಿನಾಂಕದ ವಾರದ ಹೆಸರು ಕಲಬೆರಕೆಯಾಗಿ ಹುಡುಕಾಟ ಕಷ್ಟ. ಸಿಸ್ಟಮ್-ಟೈಮ್-ಲೊಕೇಲ್ ಎಂಬ ಚರಕ್ಕೆ ಎರಡರಲ್ಲೂ ದೊಡ್ಡಕ್ಷರದ ಸಿ ಕೊಟ್ಟುಬಿಡಿ.

ಕರೆಂಟು ಹೋಗುವ ಊರಿನಲ್ಲಿ ಆಟೋ-ಸೇವ್-ವಿಸಿಟೆಡ್-ಮೋಡ್ ಆನ್ ಇರಲೇಬೇಕು. ಕೈ ನಿಂತ 5 ಸೆಕೆಂಡಿಗೆ ಮೂಲ ಫೈಲ್‌ಗೇ ಉಳಿಸುತ್ತದೆ. ಮಾಮೂಲಿ ಆಟೋಸೇವ್ ಬೇರೆ ಫೈಲ್‌ಗೆ ಬರೆಯುತ್ತದೆ, ಅದನ್ನು ಮತ್ತೆ ಹೊರತೆಗೆಯುವ ಕ್ರಮ ಮನೆಯಲ್ಲಿ ಎಲ್ಲರಿಗೂ ತಿಳಿದಿರುವುದಿಲ್ಲ.

ಫೋನಿನಲ್ಲಿ ಆರ್ಗ್ ಫೈಲ್ ತಿದ್ದುವ ಆರ್ಗ್ಜ್ಲಿ ಆ್ಯಪ್, ನಡುವೆ ಎರಡೂ ಕಡೆಯ ಫೈಲ್ ಒಂದೇ ಆಗಿರಿಸುವ ಸಿಂಕ್‌ಥಿಂಗ್ ಇಟ್ಟುಕೊಂಡರೆ ಹುಳು ಮನೆಯಲ್ಲೇ ಬರೆಯಬಹುದು. ಆದರೆ ಮೇಲಿನ ಸ್ಕ್ರಿಪ್ಟ್ ಯಾವುದೂ ಫೋನಿನಲ್ಲಿ ಓಡುವುದಿಲ್ಲ. ಅದಕ್ಕೇ ಫೋನಿಗೆ ಪ್ರತ್ಯೇಕ ಫೈಲ್ ಕೊಡಿ. ಒಂದೇ ಫೈಲನ್ನು ಎರಡೂ ಕಡೆ ತಿದ್ದಿದರೆ ಸಿಂಕ್‌ಥಿಂಗ್ ಇನ್ನೊಂದು ಪ್ರತಿ ಮಾಡಿ ಪಕ್ಕಕ್ಕಿಡುತ್ತದೆ, ಹೊಂದಿಸುವ ಕೆಲಸ ನಿಮ್ಮ ಪಾಲಿಗೆ. ಫೋನಿನ ಟಿಪ್ಪಣಿಗಳನ್ನು ಸಂಜೆ ಕಂಟ್ರೋಲ್-ಸಿ, ಕಂಟ್ರೋಲ್-ಡಬ್ಲ್ಯೂ ಒತ್ತಿ ದೊಡ್ಡ ಫೈಲ್‌ಗೆ ಸಾಗಿಸಿ, ಅಂಕಿ ಮತ್ತು ಎನ್‌ಎಫ್‌ಸಿ ಫಂಕ್ಷನ್‌ಗಳನ್ನು ಆ ಭಾಗದ ಮೇಲೆ ಒಮ್ಮೆ ಓಡಿಸಿದರೆ ಆಯಿತು.