ಅಂಗಳದ ನೀರು ಉಳಿಸಲು ನೋಟಿಸೋ, ಬಕೆಟ್ ಪ್ರಾತ್ಯಕ್ಷಿಕೆಯೋ?

ಕಾರಿಗೆ, ಗಿಡಗಳಿಗೆ, ಅಂಗಳಕ್ಕೆ ಸುರಿಯುವ ನೀರನ್ನು ಕಡಿಮೆ ಮಾಡಿಸಬೇಕೆಂದಿರುವ ಬೆಂಗಳೂರಿನ ನಿವಾಸಿಗಳ ಸಂಘಕ್ಕೆ ಈ ಹೋಲಿಕೆ.

ನೋಟಿಸ್, ವಾಟ್ಸಾಪ್ ಸಂದೇಶಕ್ಕೆ ಖರ್ಚಿಲ್ಲ, ಒಂದೇ ದಿನದಲ್ಲಿ ಎಲ್ಲ ಮನೆ ಮುಟ್ಟುತ್ತದೆ. ನಿಯಮ ತಿಳಿಸಲು ಇದೇ ಸರಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು, ಕೈತೋಟಕ್ಕೆ ಹಾಕುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂಥ ಆದೇಶ ತಲುಪಿಸಲು ಇಷ್ಟು ಸಾಕು. ಅಭ್ಯಾಸ ಬದಲಿಸಲು ಸಾಲದು. ಏಕೆಂದರೆ ಎಷ್ಟೋ ಮನೆಗಳಲ್ಲಿ ಪೈಪು ಹಿಡಿಯುವವರು ಡ್ರೈವರ್, ಮಾಲಿ, ಮನೆಗೆಲಸದವರು. ಅವರು ಆ ಗ್ರೂಪಿನಲ್ಲೇ ಇರುವುದಿಲ್ಲ!

ಪ್ರಾತ್ಯಕ್ಷಿಕೆಗೆ 20 ಲೀಟರಿನ ಬಕೆಟ್, ಪೈಪು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ದಿನವೂ ಬಳಸುವ ನಲ್ಲಿಯಲ್ಲೇ ಅಳೆಯಿರಿ. ಒತ್ತಡ ಬೇರೆಯಾದರೆ ಲೆಕ್ಕ ತಪ್ಪುತ್ತದೆ, ಜನ ನಂಬುವುದಿಲ್ಲ. ಬಕೆಟ್ 90 ಸೆಕೆಂಡಿನಲ್ಲಿ ತುಂಬಿದರೆ, 10 ನಿಮಿಷ ಪೈಪು ಬಿಟ್ಟು ಕಾರು ತೊಳೆದಾಗ ಹೋಗುವುದು ಸುಮಾರು 133 ಲೀಟರ್. ಅದೇ ಕಾರನ್ನು ಒದ್ದೆ ಬಟ್ಟೆಯಿಂದ ಎರಡು ಬಕೆಟ್‌ನಲ್ಲಿ ಒರೆಸಿ ತೋರಿಸಿ. ಕುಂಡದ ಮಣ್ಣಿಗೆ ಬೆರಳು ಚುಚ್ಚಿಸಿ, ಒಂದು ಇಂಚು ಕೆಳಗೆ ತೇವವಿದ್ದರೆ ಅಂದು ನೀರು ಬೇಡ. ಮೇಲೆ ಒಣಗಿದ ಎಲೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ.

ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಆದರೂ ನಮ್ಮ ಆಯ್ಕೆ ಇದೇ. ಕೆಲಸದವರು ಬರುವ ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ಭಾನುವಾರ ಸಂಜೆ ಇಟ್ಟರೆ ಮಾಲೀಕರಷ್ಟೇ ಸೇರುತ್ತಾರೆ.