ಪೋಸ್ಟರ್ ಮೇಲಿನ ಆ ಎಲೆಗಳನ್ನು ನಂಬಬೇಡಿ, ನಾವು ದುಡ್ಡು ಕೊಟ್ಟು ತಂದವರು

ಕಿರುಚಿತ್ರ ಮಾಡುತ್ತಿರುವವರು, ಮಾಡಬೇಕು ಅಂತಿರುವವರು ಇದನ್ನೊಂದು ಸಲ ಓದಿ. ಯೂಟ್ಯೂಬಿನಲ್ಲಿ ಹೊಸಬರ ಸಿನಿಮಾ ಹುಡುಕಿಕೊಂಡು ಹೋಗಿ ನೋಡುವವರೂ ಓದಿ. ಪೋಸ್ಟರ್ ಮೇಲೆ ಎರಡೂ ಕಡೆ ಎಲೆ ಬಾಗಿಕೊಂಡಿರುವ ಗುರುತು ಇರುತ್ತದಲ್ಲ, ಲಾರೆಲ್ ಅಂತಾರೆ ಅದಕ್ಕೆ, ಅದನ್ನು ನೋಡಿ "ಓಹೋ, ಪ್ರಶಸ್ತಿ ಬಂದಿದ್ದು" ಅಂತ ಕ್ಲಿಕ್ ಮಾಡುವವರೇ ಜಾಸ್ತಿ. ನಾನೂ ಹಾಗೇ ಮಾಡುತ್ತಿದ್ದೆ. ನಮ್ಮ ಪೋಸ್ಟರ್ ಮೇಲೆ ಅಂಥವು 11 ಇದ್ದವು.

ನಾವು ಐದು ಜನ, ಸಾಗರದ ಕಡೆಯವರು. ಅಡಿಕೆ ಕೊಯ್ಲಿನ ಹೊತ್ತಿಗೆ ಎಲ್ಲರೂ ರಜೆ ಹಾಕಿ ಊರಿಗೆ ಬಂದು 14 ನಿಮಿಷದ ಒಂದು ಕಿರುಚಿತ್ರ ಮಾಡಿದೆವು. ಖರ್ಚು 62 ಸಾವಿರ, ಅದರಲ್ಲಿ ಲೆನ್ಸ್ ಬಾಡಿಗೆ ಮತ್ತು ಊಟದ್ದೇ ದೊಡ್ಡ ಪಾಲು. ಕಥೆ ಅಂತ ಹೇಳುವಂಥದ್ದೇನಿಲ್ಲ. ಒಬ್ಬಳು ಅಜ್ಜಿ, ಮಾರಾಟಕ್ಕಿಟ್ಟ ಮನೆ, ಕೊನೆಯ ವರ್ಷದ ಅಡಿಕೆ. ಕೊನೆಯ ಐದು ನಿಮಿಷ ಮಾತೇ ಇಲ್ಲ. ರಾತ್ರಿ ಅಜ್ಜಿ ಒಬ್ಬಳೇ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾಳೆ. ಅದರ ಸದ್ದೊಂದೇ. ಆ ಸದ್ದಿಗಾಗಿ ನಮ್ಮ ಮಾಣಿ (ಸೌಂಡ್ ಮಾಡಿದವನು, ನಾವು ಕರೆಯುವುದೇ ಹಾಗೆ) ಮೂರು ರಾತ್ರಿ ನಿದ್ದೆಗೆಟ್ಟ. ಮೊದಲ ರಾತ್ರಿ ಜೀರುಂಡೆ ಕಾಟ, ಎರಡನೆಯ ರಾತ್ರಿ ಪಕ್ಕದ ಮನೆಯ ಪಂಪ್‌ಸೆಟ್. ಮೂರನೆಯ ರಾತ್ರಿ ಒಂದು ಕೋಣೆಗೆ ಪೂರ್ತಿ ಕಂಬಳಿ ಕಟ್ಟಿ, ಅಜ್ಜಿಯ ಪಾತ್ರ ಮಾಡಿದ ನಮ್ಮ ದೊಡ್ಡಮ್ಮನನ್ನು ಅದರೊಳಗೆ ಕೂರಿಸಿ, ಎರಡು ಬುಟ್ಟಿ ಅಡಿಕೆ ಸುಲಿಸಿದ. ದೊಡ್ಡಮ್ಮ ಬೈದಿದ್ದೂ ರೆಕಾರ್ಡ್ ಆಗಿದೆ, ಅದನ್ನು ತೆಗೆಯಬೇಕಾಯಿತು.

2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತ್ತಲ್ಲ, ಆ ಸುದ್ದಿ ನಮ್ಮ ತಲೆ ಕೆಡಿಸಿತ್ತು. ಅದು ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆ ಮಾತ್ರ ಇರುವ ವಿಭಾಗ, ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮಾಡಿದ್ದು ಅನ್ನುವುದನ್ನೆಲ್ಲ ಯಾರು ನೋಡಿದರು? ನಮಗೂ ಒಂದು ಸಲ ಕಳಿಸಿ ನೋಡೋಣ ಅನ್ನಿಸಿತು, ಅಷ್ಟೇ.

ಉತ್ಸವಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟುಗಳಿವೆ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಉತ್ಸವಗಳೂ ಅಲ್ಲಿ ಅರ್ಜಿ ತೆಗೆದುಕೊಳ್ಳುತ್ತವೆ. ಆದರೆ ಅದು ಸಂತೆ ಇದ್ದಂತೆ. ನಾವು ಸಿನಿಮಾದ ವಿವರ ಹಾಕಿ ಎರಡು ದಿನ ಆಗಿರಲಿಲ್ಲ, ಮೇಲ್ ಮೇಲೆ ಮೇಲ್ ಶುರುವಾಯಿತು. "ನಿಮ್ಮ ಅದ್ಭುತ ಕೃತಿ ನಮ್ಮ ಗಮನಕ್ಕೆ ಬಂದಿದೆ, ನಿಮಗೆ ಮಾತ್ರ ಅರ್ಧ ಬೆಲೆ, ಈ ಕೋಡ್ ಹಾಕಿ, ಭಾನುವಾರದವರೆಗೆ ಮಾತ್ರ." ಒಂದರ ಹೆಸರಿನಲ್ಲಿ ಕಾನ್ ಇತ್ತು, ಇನ್ನೊಂದರಲ್ಲಿ ಹಾಲಿವುಡ್, ಮತ್ತೊಂದರಲ್ಲಿ ಟೋಕಿಯೋ. ಹೆಸರಿಗೆ ಊರು ಸೇರಿಸಿಕೊಳ್ಳೋಕೆ ಯಾರ ಅಪ್ಪಣೆ ಬೇಕು ಹೇಳಿ. ಆಗ ನಮಗೆ ಅದು ಹೊಳೆಯಲಿಲ್ಲ.

ಪ್ರವೇಶ ಶುಲ್ಕ 30 ಡಾಲರ್, ಕೋಡ್ ಹಾಕಿದರೆ 15. ಸರಿ ಅಂತ ಕಟ್ಟಲು ಹೋದರೆ "ಅತ್ಯುತ್ತಮ ಛಾಯಾಗ್ರಹಣಕ್ಕೂ ಪರಿಗಣಿಸಬೇಕೇ? ಇನ್ನು 10 ಡಾಲರ್". ಸೌಂಡಿಗೂ 10. ನಟಿಗೂ 10. ದೊಡ್ಡಮ್ಮನಿಗೆ ಹತ್ತು ಡಾಲರ್ ಕಟ್ಟಲ್ಲ ಅನ್ನುವುದಾದರೂ ಹೇಗೆ? ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿ ಒಂಬತ್ತು ಕಡೆ ಕಟ್ಟಿದೆವು. ಡಾಲರಿನಲ್ಲಿ ಕಟ್ಟಿದರೆ ಬ್ಯಾಂಕಿನವರು ಮೇಲಷ್ಟು ಹಿಡಿಯುತ್ತಾರೆ, ಅದರ ಮೇಲೆ ಜಿಎಸ್‌ಟಿ. ತಿಂಗಳ ಕೊನೆಗೆ ಬಿಲ್ ನೋಡಿದರೆ ಒಟ್ಟು 34 ಸಾವಿರ. ಸಿನಿಮಾಕ್ಕೆ ಆದ ಖರ್ಚಿನ ಅರ್ಧಕ್ಕಿಂತ ಜಾಸ್ತಿ.

ಮೂರು ವಾರದೊಳಗೆ ಪ್ರಶಸ್ತಿಗಳು ಬರತೊಡಗಿದವು. ಅತ್ಯುತ್ತಮ ಚೊಚ್ಚಲ ನಿರ್ದೇಶನ. ಅತ್ಯುತ್ತಮ ಗ್ರಾಮೀಣ ಚಿತ್ರ. ಅತ್ಯುತ್ತಮ ಹಿರಿಯ ನಟಿ. ಅತ್ಯುತ್ತಮ ಧ್ವನಿ ವಿನ್ಯಾಸ. ಪ್ರತಿಯೊಂದರ ಜೊತೆ ಒಂದು ಪಿಎನ್‌ಜಿ ಫೈಲ್, ಅದೇ ಲಾರೆಲ್, ಪೋಸ್ಟರಿಗೆ ಅಂಟಿಸಿಕೊಳ್ಳಲು. ಊರಿನ ಕಡೆಯ ಪತ್ರಿಕೆಯಲ್ಲಿ ದೊಡ್ಡಮ್ಮನ ಫೋಟೋ ಬಂತು. ಶಾಲೆಯ ಬಯಲಿನಲ್ಲಿ ಶಾಲು, ಹಣ್ಣಿನ ಬುಟ್ಟಿ, ಭಾಷಣ. ನಾನೂ ಮೈಕ್ ಹಿಡಿದು "ಮಲೆನಾಡಿನ ಕಥೆ ಸಾಗರದಾಚೆ" ಅಂತ ಏನೇನೋ ಮಾತಾಡಿದೆ. ಈಗ ಆ ವಿಡಿಯೋ ನೋಡಲು ಆಗುವುದಿಲ್ಲ.

ಆಮೇಲೆ ಒಂದು ರಾತ್ರಿ ಮಾಣಿಯ ಫೋನ್. "ಉತ್ಸವದವರಿಗೆ ಯಾವ ಲಿಂಕ್ ಕೊಟ್ಟಿದೀಯಾ?" ಅಂದ. ಯೂಟ್ಯೂಬಿನ ಅನ್‌ಲಿಸ್ಟೆಡ್ ಲಿಂಕ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂಥದ್ದು), ಎಲ್ಲರಿಗೂ ಅದೇ. "ಕೊನೆವರೆಗೂ ನೋಡು" ಅಂದು ಇಟ್ಟ. ನೋಡಿದೆ. 9 ನಿಮಿಷ 10 ಸೆಕೆಂಡಿಗೆ ಸದ್ದು ನಿಂತುಹೋಯಿತು. ಲ್ಯಾಪ್‌ಟಾಪ್ ವಾಲ್ಯೂಮ್ ಏರಿಸಿದೆ, ಹೆಡ್‌ಫೋನ್ ತೆಗೆದು ಮತ್ತೆ ಚುಚ್ಚಿದೆ. ಇಲ್ಲ. ಎಡಿಟಿಂಗ್ ಮುಗಿಯುವ ಮೊದಲು ಬಣ್ಣ ನೋಡಲಿಕ್ಕೆ ಅಂತ ತೆಗೆದಿದ್ದ ಹಳೆಯ ಫೈಲ್ ಅದು. ಕೊನೆಯ ಐದು ನಿಮಿಷದ ಸೌಂಡ್ ಹಾಕಿಯೇ ಇರಲಿಲ್ಲ. ತೆರೆಯ ಮೇಲೆ ದೊಡ್ಡಮ್ಮ ಅಡಿಕೆ ಸುಲಿಯುತ್ತಿದ್ದಾಳೆ, ಪೂರ್ತಿ ಮೂಕ. ಇದಕ್ಕೆ ಅತ್ಯುತ್ತಮ ಧ್ವನಿ ವಿನ್ಯಾಸ ಪ್ರಶಸ್ತಿ.

ಲಿಂಕ್ ತಪ್ಪು ಕೊಟ್ಟಿದ್ದು ನನ್ನ ತಪ್ಪೇ, ಒಪ್ಪಿದೆ. ಆದರೆ ಕೆಳಗೆ ವ್ಯೂಸ್ ನೋಡಿದೆ. ಏಳು. ಒಂಬತ್ತು ಉತ್ಸವ, 11 ಲಾರೆಲ್, ಏಳು ವ್ಯೂಸ್. ಅದರಲ್ಲಿ ನಮ್ಮವೇ ಐದೋ ಆರೋ ಇರಬೇಕು. ಮಾಣಿಗೆ ವಾಪಸ್ ಫೋನ್ ಮಾಡಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಸದ್ದಿಲ್ಲದ್ದಕ್ಕೇ ಕೊಟ್ಟಿರಬೇಕು ಬಿಡು ಮಾರಾಯ" ಅಂದ. ಅವತ್ತಿನಿಂದ ಎರಡು ತಿಂಗಳು ಅವನು ಸಿನಿಮಾ ಮಾತೇ ಎತ್ತಲಿಲ್ಲ.

ಆಗ ಕೂತು ಆ ಉತ್ಸವಗಳ ಪುಟಗಳನ್ನು ಸರಿಯಾಗಿ ಓದಿದೆ. ಮೊದಲೇ ಓದಬೇಕಿತ್ತು. ಅರ್ಧಕ್ಕರ್ಧ ಪ್ರತಿ ತಿಂಗಳೂ ನಡೆಯುವಂಥವು. ವಿಭಾಗಗಳನ್ನು ಎಣಿಸಿದೆ, ಒಂದರಲ್ಲಿ 70ಕ್ಕೂ ಹೆಚ್ಚು. ಹಿಂದಿನ ತಿಂಗಳ ವಿಜೇತರ ಪಟ್ಟಿ ಎಳೆದಷ್ಟೂ ಕೆಳಗೆ ಹೋಗುತ್ತದೆ, ಮುಗಿಯುವುದೇ ಇಲ್ಲ. ತೀರ್ಪುಗಾರರ ಹೆಸರಿಲ್ಲ, "ಉದ್ಯಮದ ಪರಿಣತರು" ಅಂತ ಮಾತ್ರ. ಯಾವ ಥಿಯೇಟರ್, ಯಾವ ದಿನ, ಎಷ್ಟು ಗಂಟೆಗೆ ಯಾವ ಸಿನಿಮಾ, ಇದು ಎಲ್ಲೂ ಇಲ್ಲ. ಉತ್ಸವ ಅಂದಮೇಲೆ ಎಲ್ಲೋ ಒಂದು ಕಡೆ ಕತ್ತಲೆ ಕೋಣೆಯಲ್ಲಿ ನಾಲ್ಕು ಜನ ಕೂತು ಸಿನಿಮಾ ನೋಡಬೇಕು, ಅಲ್ವಾ? ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿ ನಡೆಸುವ ಸಾಕ್ಷ್ಯಚಿತ್ರ, ಕಿರುಚಿತ್ರೋತ್ಸವ ನೋಡಿ. 1990ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ, ಅಂಥದ್ದೇ ಚಿತ್ರಗಳ ಮುಂಬೈ ಉತ್ಸವ (ಎಂಐಎಫ್‌ಎಫ್) ನೋಡಿ. ಸಿನಿಮಾ ಎಲ್ಲಿ, ಯಾವಾಗ ತೋರಿಸುತ್ತಾರೆ ಅಂತ ವೇಳಾಪಟ್ಟಿ ಸಿಗುತ್ತದೆ, ಟೀಕೆ ಮಾಡುವವರೂ ಸಿಗುತ್ತಾರೆ. ನಾವು ದುಡ್ಡು ಕಟ್ಟಿದ ಉತ್ಸವಗಳಿಗೆ ಅವ್ಯಾವುದೂ ಇಲ್ಲ.

"ಆಸ್ಕರ್ ಅರ್ಹತೆ", ಅಂದರೆ ಇಲ್ಲಿ ಗೆದ್ದರೆ ಆಸ್ಕರ್ ಸ್ಪರ್ಧೆಗೆ ಕಳಿಸಬಹುದು, ಅಂತ ಬರೆದುಕೊಂಡವರೂ ಇದ್ದರು. ಅರ್ಹತೆ ಕೊಡುವ ಉತ್ಸವಗಳ ಪಟ್ಟಿಯನ್ನು ಆಸ್ಕರ್ ಕೊಡುವ ಅಕಾಡೆಮಿಯೇ ಪ್ರಕಟಿಸುತ್ತದೆ, ಎರಡು ನಿಮಿಷದಲ್ಲಿ ನೋಡಬಹುದು. ನಾನು ನೋಡಿದಾಗ ಇವರ ಹೆಸರಿರಲಿಲ್ಲ. ಕಾನ್ ವಿಷಯದಲ್ಲೂ ಒಂದು ಮಾತು. ಅಲ್ಲಿ ಸ್ಪರ್ಧೆ ಬೇರೆ, ಸಿನಿಮಾ ಮಾರುಕಟ್ಟೆ ಬೇರೆ. ಮಾರುಕಟ್ಟೆಯಲ್ಲಿ ದುಡ್ಡು ಕಟ್ಟಿ ಪ್ರದರ್ಶನ ಇಟ್ಟುಕೊಳ್ಳಬಹುದು. ಹಾಗಾಗಿ "ಕಾನ್‌ನಲ್ಲಿ ಪ್ರದರ್ಶನ ಕಂಡ ಚಿತ್ರ" ಅಂತ ಯಾರಾದರೂ ಹೇಳಿದರೆ, ಅದರಲ್ಲಿ ಎಲ್ಲಿ ಅಂತ ಕೇಳಿ.

ದುಡ್ಡು ಹೋಗಿದ್ದು ಹೋಯಿತು. ಅದಕ್ಕಿಂತ ದೊಡ್ಡ ಹೊಡೆತ ಇನ್ನೊಂದು. ಒಂಬತ್ತರಲ್ಲಿ ಒಬ್ಬರು ನಮ್ಮ ಸಿನಿಮಾವನ್ನು (ಅದೇ ಮೂಕ ಆವೃತ್ತಿಯನ್ನು!) ತಮ್ಮ ಯೂಟ್ಯೂಬ್ ಚಾನೆಲ್ಲಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿದ್ದರು. ಆನ್‌ಲೈನ್ ಪ್ರದರ್ಶನವಂತೆ. ಅರ್ಜಿ ಹಾಕುವಾಗ ನಾವು ಟಿಕ್ ಹಾಕಿದ ನಿಯಮಗಳಲ್ಲೇ ಅದು ಇತ್ತು, ಯಾರೂ ಓದಿರಲಿಲ್ಲ. ಆಮೇಲೆ ಒಂದು ನಿಜವಾದ ಉತ್ಸವಕ್ಕೆ ಕಳಿಸಿದೆವು, ಸರಿಯಾದ ಫೈಲೇ. ಎಲ್ಲಾದರೂ ಸಾರ್ವಜನಿಕವಾಗಿ ಆನ್‌ಲೈನಿನಲ್ಲಿ ಬಂದಿದ್ದರೆ ತೆಗೆದುಕೊಳ್ಳುವುದಿಲ್ಲ ಅನ್ನುವುದು ಅವರ ನಿಯಮ. ಮರ್ಯಾದೆಯಿಂದಲೇ ವಾಪಸ್ ಕಳಿಸಿದರು. ತೆಗೆಸಿ ಅಂತ ಚಾನೆಲ್ಲಿನವರಿಗೆ ನಾಲ್ಕು ಮೇಲ್ ಹಾಕಿದೆ. ಉತ್ತರವಾಗಿ ಬಂದಿದ್ದು ಟ್ರೋಫಿಯ ಬಿಲ್: 140 ಡಾಲರ್, ಕೊರಿಯರ್ ಬೇರೆ. ಗೆದ್ದ ಟ್ರೋಫಿಯನ್ನು ನಾವೇ ಕೊಳ್ಳಬೇಕಂತೆ. ಕೊನೆಗೆ ಯೂಟ್ಯೂಬಿಗೆ ಕಾಪಿರೈಟ್ ದೂರು ಕೊಟ್ಟು ತೆಗೆಸಿದ್ದಾಯಿತು.

ಪ್ರವೇಶ ಶುಲ್ಕ ಕೇಳುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಹಾಲ್ ಬಾಡಿಗೆ, ಪ್ರೊಜೆಕ್ಟರ್, ನೋಡಿ ಆರಿಸುವವರ ಸಂಬಳ, ಎಲ್ಲಕ್ಕೂ ದುಡ್ಡು ಬೇಕು. ಆದರೆ ಕಟ್ಟುವ ಮೊದಲು ಹೋದ ವರ್ಷ ಅಲ್ಲಿ ಆಯ್ಕೆಯಾದ ಯಾರಿಗಾದರೂ ಮೆಸೇಜ್ ಮಾಡಿ, "ನಿಮ್ಮ ಸಿನಿಮಾ ತೆರೆ ಮೇಲೆ ನೋಡಿದಿರಾ, ಎಷ್ಟು ಜನ ಬಂದಿದ್ದರು" ಅಂತ ಕೇಳಿ. ನಾನು ಆಮೇಲೆ ಆರು ಜನರನ್ನು ಕೇಳಿದೆ. ನಾಲ್ಕು ಜನ ಉತ್ತರ ಕೊಡಲಿಲ್ಲ. ಒಬ್ಬರು ಬ್ಲಾಕ್ ಮಾಡಿದರು. ಒಬ್ಬರು ಮಾತ್ರ "ಸರ್, ದಯವಿಟ್ಟು ಇದನ್ನು ಎಲ್ಲೂ ಹೇಳಬೇಡಿ, ನಮ್ಮೂರಲ್ಲಿ ಫ್ಲೆಕ್ಸ್ ಹಾಕಿಸಿದ್ದಾರೆ" ಅಂದರು. ನಮ್ಮದೇ ಕಥೆ.

ಪೋಸ್ಟರಿನಿಂದ ಹನ್ನೊಂದೂ ಲಾರೆಲ್ ತೆಗೆದೆ. ಅವು ಹೋದ ಮೇಲೆ ದೊಡ್ಡಮ್ಮನ ಮುಖ ಕಾಣಿಸುತ್ತಿದೆ, ಮೊದಲು ಹಣೆಯವರೆಗೂ ಎಲೆಗಳೇ ಇದ್ದವು. ದೊಡ್ಡಮ್ಮನಿಗೆ ಇನ್ನೂ ಪೂರ್ತಿ ಹೇಳಿಲ್ಲ. ಪತ್ರಿಕೆಯ ತುಣುಕನ್ನು ಫ್ರೇಮ್ ಹಾಕಿಸಿ ದೇವರ ಫೋಟೋ ಪಕ್ಕ ಇಟ್ಟುಕೊಂಡಿದ್ದಾಳೆ. ಹೋದಾಗಲೆಲ್ಲ "ಆ ಬಹುಮಾನದ ಕಪ್ಪು ಎಲ್ಲಿಗೆ ಬಂತೋ" ಅಂತ ಕೇಳುತ್ತಾಳೆ. ಕೊರಿಯರ್ ತಡ ಅಂತ ಹೇಳಿದ್ದೇನೆ.